ಇಪ್ಪತ್ತು ವರ್ಷದ ನೌಕರಿ, ಎರಡು ಸಾಲಿನ ಪತ್ರ

ಕೆಲಸ ಹೋದ ಸುದ್ದಿ ಮನೆ ಮುಟ್ಟುವ ಮೊದಲೇ ಸಲಹೆಗಳು ಮುಟ್ಟಿರುತ್ತವೆ. ಬ್ಯಾಂಕಿನಿಂದ ನಿವೃತ್ತರಾದ ಭಾವ ಒಂದು ಹೇಳುತ್ತಾರೆ, ಸರ್ಕಾರಿ ಕಚೇರಿಯಲ್ಲಿರುವ ಗೆಳೆಯ ಇನ್ನೊಂದು, ಪಕ್ಕದ ಮನೆಯ ಐಟಿ ಹುಡುಗ ಮತ್ತೊಂದು. ಅವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳುತ್ತಿರುವುದಿಲ್ಲ ಎಂಬುದೇ ತಮಾಷೆ. ಭಾವನ ಮಾತು ಬ್ಯಾಂಕಿನ ಮಟ್ಟಿಗೆ ನಿಜ, ಗೆಳೆಯನದು ಸರ್ಕಾರಿ ನೌಕರನ ಮಟ್ಟಿಗೆ ನಿಜ. ಆದರೆ ಕೆಲಸ ಕಳೆದುಕೊಂಡವರು ದುಡಿಯುತ್ತಿದ್ದುದು ಪೀಣ್ಯದ ಕಾರ್ಖಾನೆಯಲ್ಲೋ, ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲೋ, ಮಂಗಳೂರಿನ ಖಾಸಗಿ ಶಾಲೆಯಲ್ಲೋ ಆಗಿರುತ್ತದೆ. ನಮ್ಮಲ್ಲಿ ಅನ್ಯಾಯದ ವಜಾಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಕಾನೂನಿಲ್ಲ. ನೀವು ಯಾವ ಬಗೆಯ ಉದ್ಯೋಗಿ, ನಿಮ್ಮನ್ನು ಯಾವ ರೀತಿಯಲ್ಲಿ ತೆಗೆದರು, ನೀವು ಎಷ್ಟು ಬೇಗ ಬಂದಿರಿ: ಕಾನೂನು ಮೊದಲು ಕೇಳುವುದು ಈ ಮೂರನ್ನು. ಅನ್ಯಾಯ ಎಷ್ಟು ದೊಡ್ಡದು ಎಂಬ ಪ್ರಶ್ನೆಯ ಸರದಿ ಆಮೇಲೆ.

ಇದರ ಜೊತೆಗೆ ಕಾನೂನೇ ಈಗ ಮಗ್ಗುಲು ಬದಲಿಸಿದೆ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇದ್ದ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ತಿರುಳು ಬಹುಮಟ್ಟಿಗೆ ಹಳೆಯದೇ. ಗಡುವುಗಳು ಮತ್ತು ಮಿತಿಗಳು ಬೇರೆಯಾಗಿವೆ. ಹಾಗಾಗಿ ಹತ್ತು ವರ್ಷದ ಹಿಂದೆ ಕೇಸು ಗೆದ್ದವರ ಮಾತನ್ನೂ ಒಮ್ಮೆ ಪರಿಶೀಲಿಸಿಯೇ ನಂಬಬೇಕು.

‘ಇಷ್ಟು ವರ್ಷ ದುಡಿದವರನ್ನ ಹಂಗೆಲ್ಲ ತೆಗೆಯೋಕಾಗಲ್ಲ’

ತೆಗೆಯಬಹುದು. ಇಪ್ಪತ್ತು ವರ್ಷ ಕಳೆದ ಮೇಲೆ ಕೆಲಸ ಕಾಯಂ ಆಸ್ತಿಯಾಗುತ್ತದೆ ಎಂಬ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಕಾರ್ಮಿಕ ಕಾನೂನು ಎಣಿಸುವುದು ಬಹಳ ಚಿಕ್ಕ ಅವಧಿಯನ್ನು: ಹನ್ನೆರಡು ತಿಂಗಳಲ್ಲಿ 240 ದಿನ. ಅಷ್ಟು ದಿನ ದುಡಿದ ಕಾರ್ಮಿಕನಿಗೂ ಮೂವತ್ತು ವರ್ಷ ದುಡಿದವನಿಗೂ ಮೂಲ ರಕ್ಷಣೆ ಒಂದೇ. ತಪ್ಪಿಲ್ಲದೆ, ಅಂದರೆ ‘ಕೆಲಸ ಕಡಿಮೆಯಾಗಿದೆ’, ‘ವಿಭಾಗ ಮುಚ್ಚುತ್ತಿದ್ದೇವೆ’ ಎಂದು ತೆಗೆಯುವುದಾದರೆ ಕಾರಣ ತಿಳಿಸಿ ಒಂದು ತಿಂಗಳ ನೋಟಿಸ್ ಕೊಡಬೇಕು ಇಲ್ಲವೇ ಅಷ್ಟು ದಿನದ ಸಂಬಳ ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು, ಸರ್ಕಾರಕ್ಕೆ ತಿಳಿಸಬೇಕು. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹಳಬರನ್ನು ತೆಗೆದು ಹೊಸಬರನ್ನು ಉಳಿಸಿಕೊಂಡರೆ ಅದಕ್ಕೆ ಕಾರಣ ದಾಖಲಾಗಿರಬೇಕು. ಹಿರಿತನ ನಿಜಕ್ಕೂ ಆಯುಧವಾಗುವುದು ಇಲ್ಲಿ, ಮತ್ತು ಹೆಚ್ಚಿನವರು ಇದನ್ನೇ ಕೇಳಲು ಮರೆಯುತ್ತಾರೆ.

ದೊಡ್ಡ ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಾದರೆ ಸರ್ಕಾರದ ಪೂರ್ವಾನುಮತಿಯೂ ಬೇಕು. ಹಳೆಯ ಕಾಯ್ದೆಯಲ್ಲಿ ನೂರು ಜನರಿದ್ದರೆ ಸಾಕಿತ್ತು. ಹೊಸ ಸಂಹಿತೆ ಅದನ್ನು ಮುನ್ನೂರಕ್ಕೆ ಏರಿಸಿದೆ. ಇನ್ನೂರು ಜನರ ಕಾರ್ಖಾನೆಯ ಕಾರ್ಮಿಕ ನಿನ್ನೆಯವರೆಗೆ ಹಿಡಿದುಕೊಂಡಿದ್ದ ಕಂಬವೊಂದು ಹೀಗೆ ಇಲ್ಲವಾಗಿದೆ. ಬದಲಿಗೆ ಮರುಕೌಶಲ ನಿಧಿಯಿಂದ ಹದಿನೈದು ದಿನದ ವೇತನ ಸಿಗುವ ಏರ್ಪಾಡಿದೆ. ಈ ವಿನಿಮಯದಲ್ಲಿ ಯಾರಿಗೆ ಲಾಭವಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ದುರ್ನಡತೆಯ ಆರೋಪದ ಮೇಲೆ ವಜಾ ಮಾಡಿದಾಗ ದೀರ್ಘ ಸೇವೆಗೆ ಬೇರೆ ತೂಕ. ಶಿಕ್ಷೆ ತಪ್ಪಿಗೆ ಮೀರಿದ್ದು ಎನಿಸಿದರೆ ಅದನ್ನು ಇಳಿಸುವ ಅಧಿಕಾರ 1971ರ ತಿದ್ದುಪಡಿಯಿಂದ ಕಾರ್ಮಿಕ ನ್ಯಾಯಾಲಯಗಳಿಗೆ ಬಂದಿತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಕಳಂಕವಿಲ್ಲದ ಸೇವಾ ದಾಖಲೆ ಆಗ ನೆರವಿಗೆ ಬರುತ್ತದೆ. ಆದರೆ ಅದೇ ವರ್ಷಗಳು ತಿರುಗುಬಾಣವೂ ಆಗಬಲ್ಲವು. ನಮ್ಮ ಕೆಎಸ್‌ಆರ್‌ಟಿಸಿಯ ಒಬ್ಬ ಕಂಡಕ್ಟರ್ 35 ಪ್ರಯಾಣಿಕರಿಗೆ ಕಡಿಮೆ ದರದ ಟಿಕೆಟ್ ಕೊಟ್ಟ ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸುಮಾರು 22 ವರ್ಷ ಕಂಡಕ್ಟರಾಗಿದ್ದವರಿಗೆ ಸರಿಯಾದ ದರ ಗೊತ್ತಿರಲಿಲ್ಲ ಎಂದರೆ ನಂಬುವುದು ಹೇಗೆ ಎಂದು ಕೋರ್ಟು ಕೇಳಿತು. ಇಂಥ ಕಡೆ ಅನುಕಂಪ ಸಲ್ಲದು ಎಂದು ವಜಾವನ್ನು ಎತ್ತಿಹಿಡಿಯಿತು. ಹಣದ ವ್ಯವಹಾರದಲ್ಲಿ ನಂಬಿಕೆ ಮುರಿದ ಆರೋಪ ಸಾಬೀತಾದರೆ ಸೇವಾವಧಿಯನ್ನು ಮುಂದಿಟ್ಟು ಬೇಡಿಕೊಳ್ಳುವುದರಿಂದ ಪ್ರಯೋಜನ ಕಡಿಮೆ.

‘ಅಪಾಯಿಂಟ್‌ಮೆಂಟ್ ಲೆಟರಲ್ಲೇ ಬರೆದಿದೆ, ಸೈನ್ ಮಾಡಿಬಿಟ್ಟಿದ್ದೀನಿ’

‘ಯಾವುದೇ ಕಾರಣ ನೀಡದೆ, ಮೂರು ತಿಂಗಳ ನೋಟಿಸ್ ನೀಡಿ ಸೇವೆ ಕೊನೆಗೊಳಿಸಬಹುದು’ ಎಂಬ ಸಾಲು ಬಹುತೇಕ ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ಅದನ್ನು ಓದಿ ಜನ ಕೈಚೆಲ್ಲುತ್ತಾರೆ. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಷರತ್ತನ್ನು ಅಸಿಂಧುಗೊಳಿಸಿತು. ಕೆಲಸ ಬೇಕಾದವನಿಗೆ ಸಹಿ ಮಾಡದೆ ಬೇರೆ ದಾರಿ ಇರಲಿಲ್ಲ ಎಂಬುದನ್ನು ಕೋರ್ಟು ಕಣ್ಣುಬಿಟ್ಟು ನೋಡಿತು. ಆದರೆ ಅದು ಸರ್ಕಾರಿ ಒಡೆತನದ ಸಂಸ್ಥೆ. ಖಾಸಗಿ ಕಂಪನಿಯ ಕಾರ್ಮಿಕನನ್ನು ಕಾಪಾಡುವುದು ಬೇರೆ ತತ್ವ: ಶಾಸನ ಕೊಟ್ಟ ಹಕ್ಕನ್ನು ಒಪ್ಪಂದದಿಂದ ಕಸಿಯಲಾಗದು. ಪತ್ರದಲ್ಲಿ ಏನೇ ಬರೆದಿರಲಿ, ಮೇಲೆ ಹೇಳಿದ ನೋಟಿಸ್ ಮತ್ತು ಪರಿಹಾರ, ದುರ್ನಡತೆಯ ಆರೋಪವಾದರೆ ವಿಚಾರಣೆ ತಪ್ಪುವುದಿಲ್ಲ.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಲ್ಲಿ ಇರುವವರು ಕರ್ನಾಟಕದ್ದೇ ಒಂದು ಕಾಯ್ದೆಯನ್ನು ನೆನಪಿಟ್ಟುಕೊಳ್ಳಬೇಕು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತ ಸೇವೆ ಮಾಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ. ದುರ್ನಡತೆ ಎಂದಾದರೆ ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯ ಬೇಕು. ಮೇಲ್ಮನವಿಗೂ ಅವಕಾಶವಿದೆ. ‘ಸಮಂಜಸ ಕಾರಣ’ ಎಂಬ ಆ ಎರಡು ಪದಗಳು ಮೂರು ತಿಂಗಳ ನೋಟಿಸಿನ ಷರತ್ತಿಗಿಂತ ಬಲವಾದವು. ಬಳಸುವವರು ಮಾತ್ರ ಕಡಿಮೆ.

‘ಲೇಬರ್ ಕೋರ್ಟು ಫ್ಯಾಕ್ಟರಿಯವರಿಗೆ. ನಾನು ಐಟಿ, ಅದೂ ಮ್ಯಾನೇಜರ್’

ಎಲ್ಲಕ್ಕಿಂತ ಹೆಚ್ಚು ಜನರನ್ನು ಮನೆಯಲ್ಲೇ ಕೂರಿಸಿರುವ ತಪ್ಪು ಕಲ್ಪನೆ ಇದು. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು.

ಕಾನೂನಿನ ಕಣ್ಣಿನಲ್ಲಿ ಕಾರ್ಮಿಕ ಎಂದರೆ ನೀಲಿ ಅಂಗಿ ತೊಟ್ಟವನಷ್ಟೇ ಅಲ್ಲ. ಕೈಕೆಲಸ, ಕೌಶಲದ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಎಲ್ಲವೂ ಅದರೊಳಗೆ ಬರುತ್ತವೆ. ಇಂಥ ಕೆಲಸ ಮಾಡುವವರಿಗೆ ಸಂಬಳದ ಮಿತಿಯೇ ಇಲ್ಲ. ತಿಂಗಳಿಗೆ ಒಂದೂವರೆ ಲಕ್ಷ ಪಡೆಯುವ ತಂತ್ರಜ್ಞನೂ ಕಾರ್ಮಿಕನಾಗಬಹುದು. ಮಿತಿ ಇರುವುದು ಮೇಲ್ವಿಚಾರಕರಿಗೆ ಮಾತ್ರ: ಹಿಂದೆ ತಿಂಗಳಿಗೆ 10,000 ರೂಪಾಯಿ ಇದ್ದುದು ಸಂಹಿತೆಯಲ್ಲಿ 18,000 ಆಗಿದೆ. ಮುಖ್ಯವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಕೆಲಸ ಮಾಡುವವರು ಹೊರಗೆ.

ಹಾಗಾದರೆ ಯಾರು ಮ್ಯಾನೇಜರ್? ವಿಸಿಟಿಂಗ್ ಕಾರ್ಡಿನಲ್ಲಿ ಬರೆದದ್ದನ್ನು ಕೋರ್ಟುಗಳು ಒಪ್ಪುವುದಿಲ್ಲ. ದಿನನಿತ್ಯ ಮಾಡುತ್ತಿದ್ದ ಮುಖ್ಯ ಕೆಲಸ ಯಾವುದು ಎಂದು ನೋಡುತ್ತವೆ. ಯಾರನ್ನಾದರೂ ನೇಮಿಸುವ, ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮಗಿತ್ತೇ? ಸಂಸ್ಥೆಯ ಪರವಾಗಿ ತೀರ್ಮಾನ ತೆಗೆದುಕೊಳ್ಳುತ್ತಿದ್ದಿರೇ? ಇಲ್ಲ, ದಿನವಿಡೀ ಕೋಡ್ ಬರೆಯುವುದೇ ಕೆಲಸವಾಗಿತ್ತು ಎಂದರೆ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂಬ ಹಣೆಪಟ್ಟಿ ಕಂಪನಿಯನ್ನು ಉಳಿಸುವುದಿಲ್ಲ. ಬಡ್ತಿಯ ಹೆಸರಿನಲ್ಲಿ ಹುದ್ದೆಯ ಹೆಸರು ಮಾತ್ರ ಹಿಗ್ಗಿಸುವ ನಮ್ಮ ಕಚೇರಿಗಳ ಚಾಳಿ ನೌಕರನಿಗೆ ಮಾಡಿದ ದೊಡ್ಡ ಅಪಕಾರ, ಅವನು ತನ್ನ ಹಕ್ಕನ್ನೇ ಮರೆಯುವಂತೆ ಮಾಡಿರುವುದು.

ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನೇ ಇಲ್ಲ ಎಂಬ ಮಾತಿಗೂ ಒಂದು ಮೂಲವಿದೆ. ಕರ್ನಾಟಕ ಸರ್ಕಾರ ಐಟಿ, ಐಟಿ ಆಧಾರಿತ ಸಂಸ್ಥೆಗಳಿಗೆ ಸೇವಾ ನಿಯಮಗಳಿಗೆ ಸಂಬಂಧಿಸಿದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಷರತ್ತುಬದ್ಧ ವಿನಾಯಿತಿ ಕೊಡುತ್ತ ಬಂದಿತ್ತು. ಅದು ಆ ಒಂದು ಕಾಯ್ದೆಯಿಂದ ವಿನಾಯಿತಿಯೇ ಹೊರತು ವಿವಾದ ಎತ್ತುವ ಹಕ್ಕಿನಿಂದಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಐಟಿ ನೌಕರರ ಕಾರ್ಮಿಕ ಸಂಘವೇ ನೋಂದಣಿಯಾಯಿತು. ಇನ್ನು ‘ನಮ್ಮದು ಕೈಗಾರಿಕೆಯೇ ಅಲ್ಲ’ ಎನ್ನುವ ವಾದವನ್ನು ತೆಳುಮಾಡಿದ್ದೂ ಬೆಂಗಳೂರಿನ ಪ್ರಕರಣವೇ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಮುಖ್ಯ ತೀರ್ಪಿನೊಂದಿಗೆ, ಕೈಗಾರಿಕೆಯ ವ್ಯಾಖ್ಯೆಯನ್ನು ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳವರೆಗೆ ಹಿಗ್ಗಿಸಿತು. ಹೊಸ ಸಂಹಿತೆ ಆ ವ್ಯಾಖ್ಯೆಗೆ ಕತ್ತರಿ ಹಾಕಿ ದಾನಧರ್ಮದ ಸಂಸ್ಥೆಗಳು, ಸರ್ಕಾರದ ಸಾರ್ವಭೌಮ ಕಾರ್ಯಗಳು, ಮನೆಗೆಲಸ ಮುಂತಾದವನ್ನು ಹೊರಗಿಟ್ಟಿದೆ.

ಕಾರ್ಮಿಕರಲ್ಲದವರ ಗತಿ? ಶಿಕ್ಷಕರನ್ನು ನೋಡಿ. ಶಾಲೆ ಕೈಗಾರಿಕೆಯಾದರೂ ಶಿಕ್ಷಕರು ಕಾರ್ಮಿಕರಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ಖಾಸಗಿ ಶಾಲೆಯ ಮೇಡಂ ಅನಾಥರಲ್ಲ: ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ತಡೆಯುತ್ತದೆ, 94ನೇ ಕಲಮಿನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಮುಖ್ಯಸ್ಥರು. ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳಿಗೆ 1976ರಿಂದ ಪ್ರತ್ಯೇಕ ಕಾಯ್ದೆ ಇತ್ತು. ಈಗ ಸಂಹಿತೆ ಅವರನ್ನೂ ಪತ್ರಕರ್ತರನ್ನೂ ಕಾರ್ಮಿಕರ ವ್ಯಾಖ್ಯೆಯೊಳಗೇ ತಂದಿದೆ. ರಾಜ್ಯ ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿ ಮತ್ತು ಕರ್ನಾಟಕ ಆಡಳಿತ ನ್ಯಾಯಮಂಡಳಿ. ಸಾರ್ವಜನಿಕ ವಲಯದ ಅಧಿಕಾರಿಗಳಿಗೆ ಹೈಕೋರ್ಟಿನ ರಿಟ್.

ಎಲ್ಲರಿಗಿಂತ ಬಡಪಾಯಿ, ದೊಡ್ಡ ಸಂಬಳದ ಖಾಸಗಿ ಮ್ಯಾನೇಜರ್. ನಿಜವಾಗಿ ಮ್ಯಾನೇಜರ್ ಆಗಿದ್ದವರಿಗೆ ಉಳಿಯುವುದು ಸಿವಿಲ್ ಕೋರ್ಟು. ಮಾಲೀಕನಿಗೆ ಬೇಡವಾದ ಸೇವೆಯನ್ನು ಬಲವಂತವಾಗಿ ಹೇರುವುದಿಲ್ಲ ಎನ್ನುವುದು ಅಲ್ಲಿನ ಹಳೆಯ ನಿಲುವು. ಸಿಗುವುದು ನಷ್ಟಪರಿಹಾರ, ಅದೂ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳದ ಆಸುಪಾಸು. ಇಂಥವರು ಕೆಲಸ ಬಿಡುವ ಹೊತ್ತಿನಲ್ಲೇ ಚೌಕಾಸಿ ಮಾಡಿ ಒಳ್ಳೆಯ ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳುವುದು ಮೇಲು ಎಂದೇ ನನ್ನ ಅನಿಸಿಕೆ.

‘ರಿಸೈನ್ ಮಾಡಿ ಅಂದ್ರು, ಬರೆದುಕೊಟ್ಟೆ. ಇನ್ನೇನಿದೆ?’

ಮೀಟಿಂಗ್ ರೂಮಿಗೆ ಕರೆದು, ಫೋನ್ ಕೆಳಗಿಡಿಸಿ, ‘ರಾಜೀನಾಮೆಯೋ ವಜಾವೋ, ಹತ್ತು ನಿಮಿಷದಲ್ಲಿ ಹೇಳಿ’ ಎನ್ನುವುದು ಈಗಿನ ರೂಢಿ. ಮಾಲೀಕರಿಗೆ ಇದು ಯಾಕೆ ಇಷ್ಟ ಎಂದರೆ ರಾಜೀನಾಮೆಯಾದರೆ ನೋಟಿಸಿಲ್ಲ, ಪರಿಹಾರವಿಲ್ಲ, ವಿಚಾರಣೆಯಿಲ್ಲ.

ಬಲವಂತದಿಂದ ಪಡೆದ ರಾಜೀನಾಮೆ ರಾಜೀನಾಮೆಯಲ್ಲ, ಅದು ವಜಾ ಎಂದೇ ವಾದಿಸಬಹುದು. ಆದರೆ ಬಲವಂತವನ್ನು ಸಾಬೀತು ಮಾಡುವ ಹೊರೆ ನಿಮ್ಮದು. ಆರು ತಿಂಗಳು ಸುಮ್ಮನಿದ್ದು, ಕೊನೆಯ ಲೆಕ್ಕದ ಹಣ ಪಡೆದು, ಆಮೇಲೆ ‘ಒತ್ತಡ ಹಾಕಿದ್ದರು’ ಎಂದರೆ ನಂಬುವವರು ವಿರಳ. ಅದೇ ಸಂಜೆ ಮನೆಗೆ ಬಂದು ‘ಇಂದು ಇಂಥವರ ಸಮ್ಮುಖದಲ್ಲಿ ನನ್ನಿಂದ ಒತ್ತಡದಿಂದ ಪತ್ರ ಬರೆಸಿಕೊಳ್ಳಲಾಗಿದೆ, ಅದನ್ನು ಹಿಂಪಡೆಯುತ್ತಿದ್ದೇನೆ’ ಎಂದು ಒಂದು ಇಮೇಲ್ ಕಳಿಸಿದವರ ಸ್ಥಿತಿಯೇ ಬೇರೆ.

ಹಿಂಪಡೆಯುವ ಹಕ್ಕು ಜನ ತಿಳಿದಿರುವುದಕ್ಕಿಂತ ದೊಡ್ಡದು. ಬೆಂಗಳೂರಿನ ಬಿಇಎಂಎಲ್ ನೌಕರರೊಬ್ಬರು 1993ರ ಜನವರಿ 4ರಂದು ರಾಜೀನಾಮೆ ಕೊಟ್ಟರು. ಕಂಪನಿ ಅಂದೇ ಅಂಗೀಕರಿಸಿತು. ಆದರೆ ನಡುವೆ ರಜೆ ಕೊಟ್ಟು, ಬಿಡುಗಡೆಯ ದಿನವನ್ನು ಮುಂದಕ್ಕೆ ಇಟ್ಟಿತ್ತು. 8ನೇ ತಾರೀಖು ಅವರು ರಾಜೀನಾಮೆ ಹಿಂಪಡೆದರು. ಅಂಗೀಕಾರವಾಗಿ ಹೋಗಿದೆ ಎಂದಿತು ಕಂಪನಿ. 2005ರಲ್ಲಿ ಸುಪ್ರೀಂ ಕೋರ್ಟು ನೌಕರನ ಪರ ನಿಂತಿತು: ಬಿಡುಗಡೆಯಾಗುವ ದಿನದವರೆಗೂ ಮಾಲೀಕ–ನೌಕರ ಸಂಬಂಧ ಜೀವಂತವಿತ್ತು, ಆದ್ದರಿಂದ ಹಿಂಪಡೆದದ್ದು ಸರಿ. ತೊಂಬತ್ತು ದಿನದ ನೋಟಿಸ್ ಅವಧಿಯಲ್ಲಿ ಕುಳಿತು ಕೊರಗುತ್ತಿರುವವರು ಈ ತೀರ್ಪನ್ನು ಓದಬೇಕು.

‘ರಜೆ ಹೇಳ್ದೆ ಹೋಗಿದ್ದೆ, ಹೆಸರು ತಾನಾಗೇ ತೆಗೆದುಹಾಕಿದ್ರು’

ತಾನಾಗಿಯೇ ಯಾವುದೂ ಹೋಗುವುದಿಲ್ಲ. ಇಂತಿಷ್ಟು ದಿನ ಗೈರಾದರೆ ಕೆಲಸ ಬಿಟ್ಟಂತೆ ಎಂದು ನಿಯಮದಲ್ಲಿದ್ದರೂ ನೌಕರನ ಮಾತು ಕೇಳದೆ ಹೆಸರು ಹೊಡೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1993ರಲ್ಲೇ ಸುಪ್ರೀಂ ಕೋರ್ಟು ಹೇಳಿ, ಅಂಥ ಕಾರ್ಮಿಕನೊಬ್ಬನನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮರಳಿ ಸೇರಿಸಿತು. ಗೇಟಿನಲ್ಲಿ ತಡೆದಿದ್ದರೆ, ‘ಕೆಲಸಕ್ಕೆ ಬಂದಿದ್ದೆ, ಬಿಡಲಿಲ್ಲ’ ಎಂದು ಅಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದು ಹಾಕಿ.

‘ಎನ್‌ಕ್ವೈರಿನೇ ಮಾಡಿಲ್ಲ, ಕೇಸು ಗೆದ್ದಂಗೇ’

ಅರ್ಧ ಗೆದ್ದಂತೆ. ಆಂತರಿಕ ವಿಚಾರಣೆ ನಡೆಯದಿದ್ದರೂ, ನಡೆದದ್ದು ದೋಷಪೂರ್ಣವಾಗಿದ್ದರೂ ಮಾಲೀಕನಿಗೆ ನ್ಯಾಯಾಲಯದಲ್ಲೇ ಸಾಕ್ಷಿ ತಂದು ಆರೋಪ ಸಾಬೀತು ಮಾಡುವ ಅವಕಾಶ ಉಂಟು. 1973ರ ಫೈರ್‌ಸ್ಟೋನ್ ತೀರ್ಪಿನಿಂದ ಇದು ಗಟ್ಟಿಯಾಗಿದೆ. ಹೀಗಾಗಿ ‘ಇದೆಲ್ಲ ನಾಟಕ’ ಎಂದು ವಿಚಾರಣೆಗೆ ಬೆನ್ನು ತಿರುಗಿಸುವುದು ದುಬಾರಿ. ಹೋಗಿ, ದಾಖಲೆ ಕೇಳಿ, ಪಾಟೀಸವಾಲು ಮಾಡಿ. ನಿರಾಕರಿಸಿದರೆ ಆ ನಿರಾಕರಣೆಯನ್ನೇ ನಡಾವಳಿಯಲ್ಲಿ ಬರೆಸಿ.

ಅಮಾನತಿನಲ್ಲಿ ಇಟ್ಟಿದ್ದರೆ ಜೀವನಾಧಾರ ಭತ್ಯೆ ಕೊಡಲೇಬೇಕು: ಮೊದಲ 90 ದಿನ ವೇತನದ ಅರ್ಧ, ಆಮೇಲೆ ವಿಳಂಬಕ್ಕೆ ನೌಕರ ಕಾರಣನಲ್ಲದಿದ್ದರೆ ಮುಕ್ಕಾಲು. ಇದೇನು ಮಹಾ ಎನ್ನುವವರಿಗೆ ಕೋಲಾರದ ಚಿನ್ನದ ಗಣಿಯ ಕತೆ ಹೇಳಬೇಕು. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರಲ್ಲಿ ದಾಳಿ ನಡೆದು, 4.5 ಗ್ರಾಂ ತೂಕದ ಚಿನ್ನದ ಉಂಡೆ ಮತ್ತು ಚಿನ್ನದ ಅಂಶವಿರುವ ಮರಳು ಸಿಕ್ಕಿತು ಎಂಬ ಆರೋಪ ಬಂತು. ಅಮಾನತು ಮಾಡಿದರು, ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಕೇರಳದ ತಮ್ಮ ಊರಿಗೆ ಹೋಗಿದ್ದ ಅವರು ವಿಚಾರಣೆಗೆ ಕೋಲಾರಕ್ಕೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಕ್ರಿಮಿನಲ್ ಕೋರ್ಟು ಖುಲಾಸೆ ಮಾಡಿತು. ಸುಪ್ರೀಂ ಕೋರ್ಟು 1999ರಲ್ಲಿ ಅವರನ್ನು ಮರಳಿ ಸೇರಿಸಲು ಆದೇಶಿಸುವಾಗ ಹಿಡಿದದ್ದು ಎರಡು ಎಳೆ. ಭತ್ಯೆ ಕೊಡದೆ ಹಸಿವಿನಲ್ಲಿಟ್ಟು ನಡೆಸಿದ ವಿಚಾರಣೆ ವಿಚಾರಣೆಯಲ್ಲ. ಮತ್ತು ಎರಡೂ ಕಡೆ ಅದೇ ದಾಳಿ, ಅದೇ ಸಾಕ್ಷಿಗಳಿದ್ದು, ಕೋರ್ಟು ಆ ದಾಳಿಯನ್ನೇ ನಂಬದಿರುವಾಗ ವಜಾ ನಿಲ್ಲದು.

ಇದರಿಂದ ಹುಟ್ಟಿಕೊಂಡ ಇನ್ನೊಂದು ಭ್ರಮೆಯನ್ನೂ ಇಲ್ಲೇ ಮುಗಿಸೋಣ. ಖುಲಾಸೆಯಾದರೆ ಕೆಲಸ ತಾನಾಗಿ ವಾಪಸು ಬರುವುದಿಲ್ಲ. ಕ್ರಿಮಿನಲ್ ಕೋರ್ಟು ಬೇಡುವ ಪುರಾವೆಯ ಮಟ್ಟ ಬೇರೆ, ಇಲಾಖಾ ವಿಚಾರಣೆಯದು ಬೇರೆ. ಕೋಲಾರದ ಪ್ರಕರಣದಂತೆ ಸಾಕ್ಷ್ಯ ಒಂದೇ ಆಗಿದ್ದಾಗ ಮಾತ್ರ ಖುಲಾಸೆಗೆ ಅಷ್ಟು ಬಲ.

‘ಗೆದ್ರೆ ಅಷ್ಟೂ ವರ್ಷದ ಸಂಬಳ ಒಟ್ಟಿಗೆ ಬರುತ್ತೆ’

ಬಂದರೆ ಅದೃಷ್ಟ. ಸುಪ್ರೀಂ ಕೋರ್ಟಿನ ಒಲವು ಇಲ್ಲಿ ಆಚೀಚೆ ತೂಗಿದೆ. 2006ರ ಸುಮಾರಿಗೆ ಹಿಂಬಾಕಿ ಸಂಬಳ ತಾನಾಗಿ ಬರುವಂಥದ್ದಲ್ಲ ಎಂಬ ದನಿ ಜೋರಾಗಿತ್ತು. 2013ರಲ್ಲಿ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ, ಅಕ್ರಮ ವಜಾ ರದ್ದಾದರೆ ಸೇವೆಯ ಮುಂದುವರಿಕೆ ಮತ್ತು ಹಿಂಬಾಕಿಯೇ ಸಾಮಾನ್ಯ ನಿಯಮ ಎಂದಿತು. ಆದರೂ ನೋಟಿಸ್ ಕೊಡದ, ಪರಿಹಾರ ಕೊಡದ ತಾಂತ್ರಿಕ ಲೋಪದ ಪ್ರಕರಣಗಳಲ್ಲಿ, ಅದರಲ್ಲೂ ದಿನಗೂಲಿಯವರಿಗೆ, ಮರುನೇಮಕದ ಬದಲು ಒಂದು ಇಡುಗಂಟು ಕೊಟ್ಟು ಮುಗಿಸುವ ತೀರ್ಪುಗಳೂ ಬೇಕಾದಷ್ಟಿವೆ.

ನಿಮ್ಮ ಕೈಯಲ್ಲಿರುವುದು ಒಂದು ಸಣ್ಣ ಕೆಲಸ. ‘ವಜಾ ಆದಂದಿನಿಂದ ನನಗೆ ಬೇರೆ ಲಾಭದಾಯಕ ಉದ್ಯೋಗ ಸಿಕ್ಕಿಲ್ಲ’ ಎಂದು ಅರ್ಜಿಯಲ್ಲಿ ಬರೆಯಬೇಕು, ಸಾಕ್ಷ್ಯದಲ್ಲಿ ಹೇಳಬೇಕು. ಹೇಳಿದರೆ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಮಾಲೀಕನಿಗೆ ವರ್ಗವಾಗುತ್ತದೆ. ಈ ಒಂದು ವಾಕ್ಯ ಬಿಟ್ಟುಹೋದದ್ದಕ್ಕೇ ಲಕ್ಷಗಳು ಕೈತಪ್ಪಬಹುದು. ಹೊಟ್ಟೆಪಾಡಿಗೆ ಆಟೋ ಓಡಿಸಿದ್ದರೆ, ಟ್ಯೂಷನ್ ಹೇಳಿದ್ದರೆ ಮುಚ್ಚಿಡದೆ ಹೇಳಿ. ಮುಚ್ಚಿಟ್ಟದ್ದು ಬಯಲಾದರೆ ಉಳಿದ ಮಾತೂ ಬಿದ್ದುಹೋಗುತ್ತದೆ. ಗೆದ್ದ ಮೇಲೆ ಮಾಲೀಕ ಮರುನೇಮಕದ ಆದೇಶವನ್ನು ಹೈಕೋರ್ಟಿಗೆ ಒಯ್ದರೆ, ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಪ್ರಮಾಣಪತ್ರ ಸಲ್ಲಿಸಿದ ಕಾರ್ಮಿಕನಿಗೆ ಆ ಅವಧಿಯುದ್ದಕ್ಕೂ ಕೊನೆಯ ಸಂಬಳ ಕೊಡುತ್ತಿರಬೇಕು. ವರ್ಷಗಟ್ಟಲೆ ಎಳೆಯುವ ಮಾಲೀಕರಿಗೆ ಬಿಸಿ ಮುಟ್ಟಿಸುವುದು ಇದೊಂದೇ.

‘ನಾವು ದಿನಗೂಲಿ, ನಮಗೆಲ್ಲಿಯ ಕಾನೂನು’

ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲಿ 2006ರಲ್ಲಿ ಬಂದ ಉಮಾದೇವಿ ತೀರ್ಪು, ಹಿಂಬಾಗಿಲ ನೇಮಕಗಳನ್ನು ಕಾಯಂ ಮಾಡುವುದಕ್ಕೆ ತಡೆ ಹಾಕಿತು. ಮುಂದೆ ಇಲಾಖೆಗಳು ಅದನ್ನು ಎಲ್ಲರ ಮೇಲೂ ಬೀಸತೊಡಗಿದವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಿತು. ಕೇಂದ್ರ ಜಲ ಆಯೋಗದ ಕಚೇರಿಯೊಂದರಲ್ಲಿ ಒಂದೆರಡು ದಶಕ ಗುಡಿಸಿ ಸಾರಿಸಿದ, ತೋಟ ನೋಡಿಕೊಂಡ ನಾಲ್ವರನ್ನು 2018ರಲ್ಲಿ ಹೊರಹಾಕಿದ್ದನ್ನು ರದ್ದುಪಡಿಸಿ, ಕಾಯಂ ಮಾಡಲು ಹೇಳಿತು. ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿಸಬಾರದು ಎಂದಿತು. ನಡುವಿನ ಅವಧಿಯ ಸಂಬಳ ಮಾತ್ರ ಅವರಿಗೆ ಸಿಗಲಿಲ್ಲ.

ಕಾಯಮಾತಿ ಒಂದು ಪ್ರಶ್ನೆ, ಅಕ್ರಮವಾಗಿ ತೆಗೆದದ್ದು ಇನ್ನೊಂದು. 240 ದಿನ ದುಡಿದ ದಿನಗೂಲಿಯೂ ನೋಟಿಸ್ ಮತ್ತು ಪರಿಹಾರಕ್ಕೆ ಅರ್ಹ. ಗುತ್ತಿಗೆದಾರನ ಮೂಲಕ ಬಂದವರು ಆ ಗುತ್ತಿಗೆ ಬರೀ ಕಾಗದದ್ದು ಎಂದು ತೋರಿಸಬಲ್ಲರಾದರೆ ಮೂಲ ಸಂಸ್ಥೆಯೇ ಮಾಲೀಕ.

‘ಡಿಸ್‌ಮಿಸ್ ಆದ್ರೆ ಗ್ರಾಚ್ಯುಟಿ, ಪಿಎಫ್ ಎಲ್ಲ ಹೋಯ್ತು’

ಪಿಎಫ್‌ಗೆ ಮಾಲೀಕ ಕೈ ಹಾಕುವಂತಿಲ್ಲ, ಆರೋಪ ಏನೇ ಇರಲಿ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಪೂರೈಸಿದವರ ಹಕ್ಕು. ಲೆಕ್ಕ ಸರಳ: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದು, ಇಪ್ಪತ್ತು ವರ್ಷ ದುಡಿದಿದ್ದರೆ ವರ್ಷಕ್ಕೆ ಹದಿನೈದು ದಿನದಂತೆ ಮೂರು ಲಕ್ಷ. ಕಾಯ್ದೆಯ ಗರಿಷ್ಠ ಮಿತಿ 20 ಲಕ್ಷ. ಸಂಸ್ಥೆಗೆ ನಷ್ಟ ಮಾಡಿದ್ದಕ್ಕೆ ವಜಾ ಆಗಿದ್ದರೆ ಆ ನಷ್ಟದಷ್ಟು ಮಾತ್ರ ಕಡಿತ. ಗಲಭೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧವಾದರೆ ಪೂರ್ತಿ ಮುಟ್ಟುಗೋಲೂ ಆಗಬಹುದು. ಇದಕ್ಕೆ ಕ್ರಿಮಿನಲ್ ಕೋರ್ಟಿನ ಶಿಕ್ಷೆಯೇ ಆಗಿರಬೇಕು ಎಂಬ ನಂಬಿಕೆ 2018ರ ತೀರ್ಪೊಂದರಿಂದ ಬೆಳೆದಿತ್ತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹಾಗೇನಿಲ್ಲ ಎಂದಿದೆ. ಹಳೆಯ ಸಲಹೆ ಹಳಸಿದ ಇನ್ನೊಂದು ಜಾಗ ಇದು.

ಬಾಕಿ ಸಂಬಳಕ್ಕೆ ವೇತನ ಸಂಹಿತೆ ಹೊಸ ಗಡುವು ಕೊಟ್ಟಿದೆ. ತೆಗೆದರೂ, ತಾವೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹಣ ಪಡೆದರೆ ಕೇಸು ಸತ್ತಂತೆ ಎಂದು ಹೆದರಿ ನ್ಯಾಯವಾದ ಬಾಕಿಯನ್ನೂ ಬಿಡಬೇಡಿ. ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಬರೆದು ಪಡೆಯಿರಿ. ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುವುದು ಮಾತ್ರ ಬೇರೆ ವಿಷಯ.

‘ಕೋರ್ಟು ಅಂದ್ರೆ ಲಕ್ಷಗಟ್ಟಲೆ ಖರ್ಚು. ಸ್ವಲ್ಪ ಕಾದು ನೋಡೋಣ’

ಮೊದಲ ಹೆಜ್ಜೆ ಕೋರ್ಟೇ ಅಲ್ಲ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದ ದೂರು ಸಾಕು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆಡೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳ ಕಚೇರಿ. ಬ್ಯಾಂಕು, ರೈಲ್ವೆಯಂಥ ಕೇಂದ್ರದ ವ್ಯಾಪ್ತಿಯವಾದರೆ ಕೇಂದ್ರದ ಕಾರ್ಮಿಕ ಅಧಿಕಾರಿಗಳು. ಸಂಧಾನದ ಮೇಜಿನಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಮುಂದಿನ ಹಂತದಲ್ಲೂ ಎದುರು ಪಕ್ಷದ ಒಪ್ಪಿಗೆ ಮತ್ತು ಪೀಠದ ಅನುಮತಿ ಇದ್ದರೆ ಮಾತ್ರ ವಕೀಲರು. ಸಂಘದ ಪದಾಧಿಕಾರಿ ನಿಮ್ಮ ಪರ ನಿಲ್ಲಬಹುದು. ಕೋರ್ಟು ಶುಲ್ಕವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರ ಪಟ್ಟಿಯಲ್ಲಿ ಮಹಿಳೆಯರ ಜೊತೆ, ಪರಿಶಿಷ್ಟರ ಜೊತೆ ಕೈಗಾರಿಕಾ ಕಾರ್ಮಿಕರ ಹೆಸರೂ ಇದೆ. ಇದು ಎಷ್ಟು ಜನರಿಗೆ ಗೊತ್ತಿದೆಯೋ.

ದುಬಾರಿಯಾಗುವುದು ಕಾಯುವಿಕೆ. ಹಳೆಯ ಕಾಯ್ದೆಯಲ್ಲಿ, ಸಂಧಾನಾಧಿಕಾರಿಗೆ ದೂರು ಕೊಟ್ಟು 45 ದಿನ ಕಳೆದ ಮೇಲೆ ನೇರ ನ್ಯಾಯಾಲಯಕ್ಕೆ ಹೋಗಲು ವಜಾ ಆದ ದಿನದಿಂದ ಮೂರು ವರ್ಷವಿತ್ತು. ಕರ್ನಾಟಕದ ತಿದ್ದುಪಡಿ ಕೊಟ್ಟಿದ್ದ ಇನ್ನೊಂದು ನೇರ ದಾರಿಗೆ ಆರೇ ತಿಂಗಳು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷವಾದ ಮೇಲೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ ಮುರಿದ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹೊಸ ನ್ಯಾಯಮಂಡಳಿಗಳು ರಚನೆಯಾಗುವವರೆಗೆ ಈಗಿರುವ ಕಾರ್ಮಿಕ ನ್ಯಾಯಾಲಯಗಳೇ ಕೆಲಸ ನಡೆಸುತ್ತವೆ. ಎಚ್‌ಆರ್‌ಗೆ ಮೇಲಿಂದ ಮೇಲೆ ಕಳಿಸಿದ ಮನವಿ ಪತ್ರಗಳು ಈ ಗಡುವನ್ನು ಒಂದು ದಿನವೂ ಹಿಗ್ಗಿಸುವುದಿಲ್ಲ, ಮಾಲೀಕರು ‘ನೋಡೋಣ’ ಎಂದಿದ್ದರೂ.

ಹೊರಡುವ ಮುನ್ನ ಕಾಗದಗಳನ್ನು ಕೂಡಿಸಿಕೊಳ್ಳಿ. ಕಚೇರಿಯ ಇಮೇಲ್ ಬಂದ್ ಆಗುವುದು ಸಾಮಾನ್ಯವಾಗಿ ಪತ್ರ ಕೈಗೆ ಬಂದ ಅದೇ ಗಂಟೆಯಲ್ಲಿ. ಆದ್ದರಿಂದ ನೇಮಕಾತಿ ಪತ್ರ, ಬಡ್ತಿಯ ಆದೇಶಗಳು, ಕಳೆದ ಕೆಲವು ವರ್ಷಗಳ ಕಾರ್ಯಮೌಲ್ಯಮಾಪನ ಮನೆಯಲ್ಲಿ ಮೊದಲೇ ಇರಬೇಕು. ಕಂಪನಿಯ ಗೋಪ್ಯ ಕಡತಗಳನ್ನು ಮಾತ್ರ ನಕಲು ಮಾಡಿಕೊಳ್ಳಬೇಡಿ, ಅದೇ ಹೊಸ ಆರೋಪವಾದೀತು. ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲದ ಕಡೆ ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಸಂಬಳ ಜಮೆಯಾದ ಬ್ಯಾಂಕ್ ವಿವರ, ಗೇಟ್ ಪಾಸು ಇವೇ ಸಾಕ್ಷಿ. ದಿನನಿತ್ಯ ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು, ಯಾರಿಗೆ ವರದಿ ಒಪ್ಪಿಸುತ್ತಿದ್ದಿರಿ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಒಂದು ಪುಟ ಬರೆದಿಡಿ. ಮೂರು ವರ್ಷದ ನಂತರ ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ, ನಿಮ್ಮ ಕೈಕೆಳಗೆ ಎಷ್ಟು ಜನರಿದ್ದರು, ಅವರ ರಜೆಗೆ ಸಹಿ ಹಾಕುತ್ತಿದ್ದವರು ಯಾರು ಎಂಬುದೇ ಆಗಿರುತ್ತದೆ.